ಮರಳ ಮೇಲಿನ ಅಕ್ಷರ, ಗೋಡೆಯ ಮೇಲಿನ ಏಣಿ: ಮೈಸೂರು ಸೀಮೆಯ ಶಾಲಾ ಸುಧಾರಣೆ ಮತ್ತು ಅದರ ಅಧ್ಯಯನಗಳು

ಸಾಲಿಗ್ರಾಮದ ಶ್ರೀಪಾದತೀರ್ಥದ ಬಗ್ಗೆ ಶ್ರೀವೈಷ್ಣವ ಪರಂಪರೆಯಲ್ಲಿ ಒಂದು ಐತಿಹ್ಯವಿದೆ. ರಾಮಾನುಜರು ಈ ಸೀಮೆಗೆ ಬಂದಾಗ ಊರಿನವರು ಅವರ ಮಾತಿಗೆ ಕಿವಿಗೊಡಲಿಲ್ಲ. ಆಗ ಅವರು ಶಿಷ್ಯ ಮುದಲಿಯಾಂಡಾನನಿಗೆ, ಊರವರು ನೀರು ತರುವ ಕಡೆ ಪಾದವಿಟ್ಟು ಕುಳಿತುಕೊಳ್ಳುವಂತೆ ಹೇಳಿದರು. ಆ ನೀರನ್ನು ಕುಡಿದ ಜನರೆಲ್ಲ ಮರುದಿನ ತಾವಾಗಿಯೇ ಬಂದು ಆಚಾರ್ಯರಿಗೆ ಶರಣಾದರು. ಗುರುಭಕ್ತಿಗೆ ಹೆಸರಾದ ವಡುಗನಂಬಿಯೂ ಇದೇ ಊರಿನವನೆಂದು ಪರಂಪರೆ ಹೇಳುತ್ತದೆ. ಐತಿಹ್ಯದ ಚಾರಿತ್ರಿಕತೆ ಬೇರೆಯೇ ಚರ್ಚೆಯ ವಿಷಯ. ಆದರೆ ಜನಪದರ ಕಲ್ಪನೆಯಲ್ಲಿ ಕಲಿಕೆ ಎಂಬುದು ಹೇಗಿತ್ತೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಒಂದೇ ರಾತ್ರಿಯಲ್ಲಿ ಇಡೀ ಊರು ಕಲಿಯಿತು. ಯಾರು ಹೆಚ್ಚು ಕಲಿತರು, ಯಾರು ಕಡಿಮೆ ಕಲಿತರು ಎಂದು ಕಥೆ ಲೆಕ್ಕವಿಡುವುದಿಲ್ಲ.

ಲೆಕ್ಕ ಬಂದದ್ದು ಶಾಲೆಯೊಂದಿಗೆ. ಹಿಂದೆ ಎಡತೊರೆ ತಾಲ್ಲೂಕಿಗೂ ಅನಂತರ ಕೃಷ್ಣರಾಜನಗರ ತಾಲ್ಲೂಕಿಗೂ ಸೇರಿದ್ದು, ಇತ್ತೀಚೆಗೆ ತಾನೇ ತಾಲ್ಲೂಕು ಕೇಂದ್ರವಾದ ಸಾಲಿಗ್ರಾಮದಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಹೆಗ್ಗಡದೇವನಕೋಟೆಯ ಕಾಡಂಚಿನವರೆಗಿನ ಪ್ರದೇಶ ಶಿಕ್ಷಣದ ಚರಿತ್ರೆಯನ್ನು ಅರಿಯಲು ಬಹಳ ಅನುಕೂಲವಾದದ್ದು. ಒಂದು ತುದಿಯಲ್ಲಿ ನಾಲೆ ನೀರಾವರಿಯ ಭತ್ತದ ಬಯಲು, ಅಗ್ರಹಾರ ಮತ್ತು ಬಸದಿಗಳ ಅಕ್ಷರ ಪರಂಪರೆ. ನಡುವೆ ಹೊಗೆಸೊಪ್ಪಿನ ಹೊಲಗಳು. ಇನ್ನೊಂದು ತುದಿಯಲ್ಲಿ ಜೇನುಕುರುಬ, ಕಾಡುಕುರುಬ, ಎರವರ ಹಾಡಿಗಳು. ಈ ಎರಡನೆಯ ತುದಿಯಲ್ಲಿಯೇ, ಯಾರೂ ಅಷ್ಟಾಗಿ ನಿರೀಕ್ಷಿಸದ ಕಡೆಯಲ್ಲಿ, 1995ರಲ್ಲಿ ‘ನಲಿ ಕಲಿ’ ಎಂಬ ಬೋಧನಾ ಕ್ರಮ ಹುಟ್ಟಿತು. ಅದು ಹುಟ್ಟಿದ ಬಗೆಯನ್ನೂ ಅದನ್ನು ಅಳೆದ ಅಧ್ಯಯನಗಳ ಬಗೆಯನ್ನೂ ಜೊತೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ನಾಡಿನ ಶಾಲೆಗಳ ಬಗ್ಗೆ ಅಂಕಿಅಂಶಗಳೊಂದಿಗೆ ದೊರೆಯುವ ಮೊದಲ ವಿಸ್ತಾರವಾದ ವರದಿಗಳಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದದ್ದು ಮುಖ್ಯವಾದುದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆದೇಶಿಸಿದ ಸಮೀಕ್ಷೆ ಮದರಾಸು ಆಧಿಪತ್ಯಕ್ಕೆ ಸೀಮಿತವಾಗಿತ್ತು; ಮೈಸೂರು ಸಂಸ್ಥಾನ ಅದರ ಹೊರಗಿತ್ತು. ಆದ್ದರಿಂದ ಮೈಸೂರಿನ ಕೂಲಿಮಠಗಳನ್ನು ಊಹಿಸಿಕೊಳ್ಳಲು ಬಳ್ಳಾರಿಯ ಕನ್ನಡಿಯಲ್ಲೇ ನೋಡಬೇಕಾಗಿದೆ. ಕ್ಯಾಂಪ್‌ಬೆಲ್ ಲೆಕ್ಕ ಹಾಕಿದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂದಿನ ಅನಂತಪುರದ ಭಾಗವೂ ಆಗ ಬಳ್ಳಾರಿಗೆ ಸೇರಿತ್ತಾದ್ದರಿಂದ ತೆಲುಗಿನ ಈ ಪಾಲು ಸಹಜವೇ. ವಿದ್ಯಾರ್ಥಿಗಳ ಒಟ್ಟು ಸಂಖ್ಯೆ 6,641. ಅವರಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಧರಂಪಾಲರು 1983ರಲ್ಲಿ ಈ ದಾಖಲೆಗಳನ್ನು ಸಂಕಲಿಸಿ ಪ್ರಕಟಿಸಿದ ಮೇಲೆ ದೇಸಿ ಶಿಕ್ಷಣದ ವೈಭವವನ್ನು ಹೇಳಲು 533ನ್ನು ಉದ್ಧರಿಸುವವರು ಹೆಚ್ಚಾದರು. 60ನ್ನು ಉದ್ಧರಿಸುವವರು ವಿರಳ.

ಅಂಕಿಗಳಿಗಿಂತ ಸ್ವಾರಸ್ಯಕರವಾದುದು ಆ ವರದಿಯಲ್ಲಿರುವ ದಿನಚರಿ. ಐದನೆಯ ವರ್ಷದಲ್ಲಿ ಗಣಪತಿಯ ಪೂಜೆಯಾಗಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಅಲ್ಲಿಂದ ಮುಂದೆ ಮರಳೇ ಹಲಗೆ. ಕೈ ಕುದುರಿದ ಮೇಲೆ ಓಲೆಗರಿ, ಕಡತ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಠಕ್ಕೆ ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ. ಮೂರನೆಯವನಿಗೆ ಬೆತ್ತದ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಕೊನೆಯವನವರೆಗೆ ಏರುತ್ತ ಹೋಗುವ ಲೆಕ್ಕ. ಮಠದ ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಐಗಳು ಮೇಲಿನ ತರಗತಿಗಳನ್ನು ನೋಡಿಕೊಳ್ಳುತ್ತಿದ್ದರು. ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ. ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್, ಮರಳಿನ ಮೇಲೆ ಬರೆಯುತ್ತಿದ್ದ ಮಕ್ಕಳನ್ನು ಕಂಡು, ಹುಡುಗರೇ ಹುಡುಗರಿಗೆ ಕಲಿಸುವ ವಿಧಾನವನ್ನು ರೂಪಿಸಿ 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು, ಅದು ಅಲ್ಲಿ ‘ಮದರಾಸು ಪದ್ಧತಿ’ಯೆಂದೇ ಹೆಸರಾದದ್ದು ಪ್ರಸಿದ್ಧವಾದ ಸಂಗತಿ.

ಮೆಚ್ಚಿದ ಕ್ಯಾಂಪ್‌ಬೆಲ್ಲನೇ ಒಂದು ಕಟುವಾದ ಮಾತನ್ನೂ ಹೇಳಿದ್ದಾನೆ. ಮಕ್ಕಳು ನೂರಾರು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಅವುಗಳ ಭಾಷೆ ಆಡುಮಾತಿಗೆ ಬಹು ದೂರವಾದದ್ದರಿಂದ ಅರ್ಥದ ವಿಷಯದಲ್ಲಿ ಅವರು ಗಿಳಿಗಳಿಗಿಂತ ಮೇಲಲ್ಲ. ಶಾಲೆಯ ಭಾಷೆಗೂ ಮನೆಯ ಭಾಷೆಗೂ ನಡುವಿನ ಈ ಬಿರುಕನ್ನು ಗುರುತಿಸಿದ್ದರಿಂದಲೇ ಆ ವರದಿ ಎರಡು ನೂರು ವರ್ಷಗಳ ಮೇಲೂ ಹಳೆಯದಾಗಿಲ್ಲ.

ಮೈಸೂರು ಸಂಸ್ಥಾನದ ಮುಂದಿನ ಕಥೆ ಸಾಕಷ್ಟು ಪರಿಚಿತವಾದುದು. ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಬಂದಿತು. ಹೋಬಳಿಗೊಂದು ಶಾಲೆ ತೆರೆಯುವುದು, ಅದಕ್ಕೆ ಸಾಧ್ಯವಾದಷ್ಟೂ ಊರಿನ ಉಪಾಧ್ಯಾಯನನ್ನೇ ತರಬೇತಿ ಕೊಟ್ಟು ನೇಮಿಸುವುದು ಅದರ ತಿರುಳು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1913ರಲ್ಲಿ, ಪ್ರಾಥಮಿಕ ಶಿಕ್ಷಣ ಕಾಯಿದೆ ಜಾರಿಯಾಯಿತು. ಇವೆಲ್ಲ ಶಾಲೆಯನ್ನು ಹಳ್ಳಿಗೆ ತಲುಪಿಸುವ ಪ್ರಯತ್ನಗಳು. ತಲುಪಿದ ಶಾಲೆಯಲ್ಲಿ ಮಗು ಏನು ಕಲಿಯಿತೆಂಬ ಪ್ರಶ್ನೆಗೆ ಇನ್‌ಸ್ಪೆಕ್ಟರರ ಭೇಟಿಯ ಷರಾ ಮತ್ತು ವರ್ಷಕ್ಕೊಮ್ಮೆಯ ಪರೀಕ್ಷೆ ಸಾಕೆಂದು ಭಾವಿಸಲಾಗಿತ್ತು.

ಪ್ರಶ್ನೆ ಶಾಸ್ತ್ರೀಯ ಅಧ್ಯಯನದ ವಸ್ತುವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಮತ್ತು ಸಂಗಡಿಗರ 1966ರ ವರದಿ, ಮಕ್ಕಳ ಸಾಧನೆಯ ಅಂತರಕ್ಕೆ ಶಾಲೆಯ ಸೌಲಭ್ಯಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣವೆಂಬ ನಿಲುವಿಗೆ ಬಂದಿತು. ‘ಹಾಗಾದರೆ ಶಾಲೆಯಿಂದೇನು ಪ್ರಯೋಜನ?’ ಎಂಬ ವಾದ ಅಲ್ಲಿಂದ ಹುಟ್ಟಿತು. ಮೈಕೆಲ್ ರಟ್ಟರ್ 1979ರಲ್ಲಿ ಲಂಡನ್ನಿನ ಹನ್ನೆರಡು ಪ್ರೌಢಶಾಲೆಗಳ ಅಧ್ಯಯನದಿಂದ, ಒಂದೇ ಬಗೆಯ ಹಿನ್ನೆಲೆಯ ಮಕ್ಕಳಿಗೂ ಶಾಲೆಯಿಂದ ಶಾಲೆಗೆ ಫಲ ಬೇರೆಯಾಗುತ್ತದೆಂದು ತೋರಿಸಿದ. ಹೇನ್‌ಮನ್ ಮತ್ತು ಲಾಕ್ಸ್‌ಲಿ 1983ರಲ್ಲಿ 29 ದೇಶಗಳನ್ನು ಹೋಲಿಸಿ, ದೇಶ ಬಡವಾದಷ್ಟೂ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪ್ರಭಾವ ಹೆಚ್ಚೆಂದರು. ಭಾರತದಲ್ಲಿ 1991ರ ‘ಕನಿಷ್ಠ ಕಲಿಕಾ ಮಟ್ಟ’ಗಳು, 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಮತ್ತು ಅದಕ್ಕಾಗಿ ನಡೆದ ಸಾಧನಾ ಸಮೀಕ್ಷೆಗಳು ಈ ಚಿಂತನೆಯ ಗಾಳಿಯಲ್ಲೇ ಬಂದವು. ದೂರದ ಈ ಹೆಸರುಗಳನ್ನು ಇಲ್ಲಿ ನೆನೆಯಲು ಕಾರಣವಿದೆ: ಕೋಲ್‌ಮನ್ ಎತ್ತಿದ ಪ್ರಶ್ನೆಯನ್ನು ಸಾಲಿಗ್ರಾಮದ ಮಗುವನ್ನೂ ಕೋಟೆಯ ಹಾಡಿಯ ಮಗುವನ್ನೂ ಅಕ್ಕಪಕ್ಕ ಕೂರಿಸಿ ಕೇಳಿಕೊಂಡಾಗಲೇ ಅದರ ಬಿಸಿ ತಟ್ಟುವುದು.

ಹೆಗ್ಗಡದೇವನಕೋಟೆ ತಾಲ್ಲೂಕು (ಇದರಿಂದ ಈಗ ಸರಗೂರು ಬೇರೆ ತಾಲ್ಲೂಕಾಗಿದೆ) ತೊಂಬತ್ತರ ದಶಕದಲ್ಲಿ ಶಿಕ್ಷಣದಲ್ಲಿ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿತ್ತು. ಕಬಿನಿ ಜಲಾಶಯ ಮತ್ತು ನಾಗರಹೊಳೆ ಅಭಯಾರಣ್ಯಗಳಿಂದ ನೆಲೆ ಕಳೆದುಕೊಂಡ ಕುಟುಂಬಗಳು ಅಲ್ಲಿದ್ದವು. 1984ರಲ್ಲಿ ಸ್ಥಾಪನೆಯಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆದಿವಾಸಿ ಮಕ್ಕಳಿಗಾಗಿ ಬ್ರಹ್ಮಗಿರಿಯಲ್ಲಿ ಆರಂಭಿಸಿ ಮುಂದೆ ಹೊಸಹಳ್ಳಿಯಲ್ಲಿ ಬೆಳೆಸಿದ ಶಾಲೆ, ಸರ್ಕಾರದ ಆಶ್ರಮಶಾಲೆಗಳು, ಒಬ್ಬರೇ ಅಥವಾ ಇಬ್ಬರೇ ಶಿಕ್ಷಕರಿದ್ದ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳು, ಇದು ಅಲ್ಲಿನ ಚಿತ್ರ. ನಾಲ್ಕು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡ ಶಿಕ್ಷಕನಿಗೆ ಪಠ್ಯಪುಸ್ತಕದ ಒಂದೊಂದು ಪಾಠವನ್ನು ಎಲ್ಲರಿಗೂ ಒಂದೇ ದಿನ ಮುಗಿಸುವುದು ಅಸಾಧ್ಯವಾಗಿತ್ತು. ಮೇಲಾಗಿ, ಕಾಫಿಯ ಕೊಯ್ಲಿಗೆ ಹಾಡಿಯ ಕುಟುಂಬಗಳು ಕೊಡಗಿನ ತೋಟಗಳಿಗೆ ಹೊರಟರೆ ಮಕ್ಕಳೂ ಜೊತೆಯಲ್ಲಿ ಹೋಗುತ್ತಿದ್ದರು. ವಾರಗಳ ಮೇಲೆ ಮರಳಿ ಬಂದ ಮಗುವಿಗೆ ತರಗತಿ ಹತ್ತು ಪಾಠ ಮುಂದೆ ಹೋಗಿರುತ್ತಿತ್ತು. ಮತ್ತೆ ಸೇರಿಕೊಳ್ಳಲು ಅದಕ್ಕೆ ಬಾಗಿಲೇ ಇರುತ್ತಿರಲಿಲ್ಲ.

ಯುನಿಸೆಫ್ ನೆರವಿನಿಂದ 1995ರಲ್ಲಿ ಈ ತಾಲ್ಲೂಕಿನ ಶಿಕ್ಷಕರ ಒಂದು ಚಿಕ್ಕ ತಂಡ ಆಂಧ್ರದ ಮದನಪಲ್ಲೆಯ ಸಮೀಪದ ರಿಷಿವ್ಯಾಲಿಗೆ ಹೋಯಿತು. ಜೆ. ಕೃಷ್ಣಮೂರ್ತಿಯವರ ಚಿಂತನೆಯಿಂದ ರೂಪುಗೊಂಡ ಆ ಸಂಸ್ಥೆಯ ಸುತ್ತಲಿನ ಹಳ್ಳಿಗಳಲ್ಲಿ ಪದ್ಮನಾಭರಾವ್ ಮತ್ತು ರಮಾ ದಂಪತಿಗಳು ಪಠ್ಯಪುಸ್ತಕವನ್ನು ಬಿಡಿ ಬಿಡಿ ಕಾರ್ಡುಗಳಾಗಿ ಒಡೆದು, ಮಗು ತನ್ನ ವೇಗದಲ್ಲಿ ಹತ್ತುವ ಏಣಿಯಾಗಿ ಜೋಡಿಸಿದ್ದರು. ಕೋಟೆಯ ಶಿಕ್ಷಕರು ಅದನ್ನು ಹಾಗೆಯೇ ಎತ್ತಿ ತರಲಿಲ್ಲ. ತಾವೇ ಕುಳಿತು ಕನ್ನಡಕ್ಕೆ, ಗಣಿತಕ್ಕೆ, ಪರಿಸರ ಅಧ್ಯಯನಕ್ಕೆ ಏಣಿ ಕಟ್ಟಿದರು. ಕಾರ್ಡುಗಳನ್ನು ಕೈಯಲ್ಲಿ ಬರೆದರು. ತಮ್ಮ ಊರುಗಳಲ್ಲಿ ಕೇಳಿದ ಹಾಡು, ಕಥೆ, ಒಗಟು, ಆಟಗಳನ್ನು ಅದರೊಳಗೆ ತಂದರು. ಐಎಎಸ್ ಅಧಿಕಾರಿ ಅನಿತಾ ಕೌಲ್ ಈ ಪ್ರಯೋಗದ ಬೆನ್ನಿಗೆ ನಿಂತರು. ಅವರು ಬರೆದಿಟ್ಟ ವಿವರಗಳಿಂದಲೇ ಆ ಆರಂಭದ ದಿನಗಳು ತಕ್ಕಮಟ್ಟಿಗೆ ದಾಖಲಾಗಿವೆ.

ನಲಿ ಕಲಿಯ ಕೊಠಡಿಯನ್ನು ಹೊಕ್ಕವರಿಗೆ ಮೊದಲು ಕಾಣುವುದು ಬೆಂಚುಗಳಿಲ್ಲದ ನೆಲ. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆ ಎಟಕುವ ಕಪ್ಪುಹಲಗೆ, ತಲೆಯ ಮೇಲೆ ದಾರದ ಚಪ್ಪರದಲ್ಲಿ ತೂಗುವ ಚಿತ್ರಗಳು, ಗೋಡೆಯ ಮೇಲೆ ಏಣಿ. ಏಣಿಯಲ್ಲಿ ಮೈಲಿಗಲ್ಲುಗಳು, ಅವುಗಳ ನಡುವೆ ಪೂರ್ವಸಿದ್ಧತೆ, ಕಲಿಕೆ, ಅಭ್ಯಾಸ, ಮೌಲ್ಯಮಾಪನಗಳಿಗೆ ಒಂದೊಂದು ಚಿತ್ರದ ಗುರುತು. ಇನ್ನೂ ಓದಲು ಬಾರದ ಮಗು ಗುರುತನ್ನು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ಅದಕ್ಕೆ ಸಲ್ಲುವ ಗುಂಪಿನಲ್ಲಿ ಹೋಗಿ ಕೂರುತ್ತದೆ. ಕೆಲವು ಗುಂಪುಗಳಿಗೆ ಶಿಕ್ಷಕರ ಬೆಂಬಲ, ಕೆಲವಕ್ಕೆ ಸಹಪಾಠಿಗಳ ಬೆಂಬಲ, ಒಂದು ಗುಂಪಿನದು ಪೂರ್ಣ ಸ್ವಕಲಿಕೆ. ಕೂಲಿಮಠದ ಹಿರಿಯ ಹುಡುಗ ಇಲ್ಲಿ ಬೆತ್ತವಿಲ್ಲದೆ ಮರಳಿ ಬಂದಿದ್ದಾನೆ ಎನ್ನಬಹುದು. ಆದರೆ ಕೋಟೆಯ ಶಿಕ್ಷಕರು ಕ್ಯಾಂಪ್‌ಬೆಲ್ಲನನ್ನು ಓದಿಕೊಂಡು ಇದನ್ನು ಮಾಡಿದರೆಂದು ತಿಳಿಯಬೇಕಾಗಿಲ್ಲ. ಮಕ್ಕಳು ಹೆಚ್ಚಾಗಿ ಕಲಿಸುವವರು ಕಡಿಮೆಯಾದ ಕಡೆಗಳಲ್ಲೆಲ್ಲ ಈ ಉಪಾಯ ಮತ್ತೆ ಮತ್ತೆ ಹುಟ್ಟುತ್ತದೆ.

ಅಕ್ಷರಗಳ ಕ್ರಮದ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಗಮನಿಸಬೇಕು. ವರ್ಣಮಾಲೆಯ ಅ ಆ ಇ ಈ ಶಾಸ್ತ್ರದ ಕ್ರಮ, ಉಚ್ಚಾರಣೆಯ ಸ್ಥಾನವನ್ನು ಅನುಸರಿಸಿದ್ದು. ಮಗುವಿನ ಕೈಗೆ ಅದು ಸುಲಭವೇ ಎಂದು ಶತಮಾನಗಳ ಕಾಲ ಯಾರೂ ಕೇಳಲಿಲ್ಲ. ನಲಿ ಕಲಿ ‘ರ ಗ ಸ ದ ಅ’ ಎಂದು ಆರಂಭಿಸಿತು. ಬರೆಯುವ ಕೈಗೆ ಇವು ಹತ್ತಿರದ ಆಕಾರಗಳು. ಅದಕ್ಕಿಂತ ಮುಖ್ಯವೆಂದರೆ ಈ ಐದೇ ಅಕ್ಷರಗಳಿಂದ ಮಾತು ಹುಟ್ಟುತ್ತದೆ: ಸರ, ಅರಸ, ಅಗಸ, ಗರಗಸ, ದಸರ. ಗುಣಿತಾಕ್ಷರ, ಒತ್ತಕ್ಷರಗಳ ಕಾಟವಿಲ್ಲದೆ ಮಗು ಮೊದಲ ಮೈಲಿಗಲ್ಲಿನಲ್ಲೇ ಅರ್ಥವಿರುವ ಪದವನ್ನು ಓದಿಬಿಡುತ್ತದೆ. ಮೈಸೂರು ಸೀಮೆಯ ಮಗುವಿಗೆ ‘ದಸರ’ ಎಂಬುದು ಪುಸ್ತಕದ ಪದವೇ ಅಲ್ಲ. ಅರಸ ಮತ್ತು ಅಗಸ ಇಬ್ಬರೂ ಅಜ್ಜಿಯ ಕಥೆಗಳಲ್ಲಿ ಮೊದಲೇ ಪರಿಚಿತರು. ವರ್ಣಮಾಲೆಯ ಕ್ರಮವನ್ನು ಕೆಡಿಸಿದರೆಂದು ಆಕ್ಷೇಪಿಸುವವರು ಇಂದಿಗೂ ಇದ್ದಾರೆ. ಕ್ಯಾಂಪ್‌ಬೆಲ್ ಹೇಳಿದ ಗಿಳಿಪಾಠಕ್ಕೆ ಕನ್ನಡದ ಶಾಲೆ ಕೊಟ್ಟ ಸಮರ್ಥವಾದ ಉತ್ತರಗಳಲ್ಲಿ ಈ ಐದು ಅಕ್ಷರಗಳೂ ಸೇರುತ್ತವೆ ಎಂಬುದನ್ನು ಆ ಆಕ್ಷೇಪ ಮರೆಯುತ್ತದೆ.

ಜಾನಪದದ ದೃಷ್ಟಿಯಿಂದ ಇನ್ನೊಂದು ಮಾತು. ಶಾಲೆಗೆ ಜಾನಪದವನ್ನು ತರುವುದೆಂದರೆ ವಾರ್ಷಿಕೋತ್ಸವದ ದಿನ ಕೋಲಾಟ ಆಡಿಸುವುದೆಂದೇ ಬಹುಕಾಲ ತಿಳಿಯಲಾಗಿತ್ತು. ವಿಶ್ವವಿದ್ಯಾಲಯಗಳು ಶಿಶುಪ್ರಾಸ, ಒಗಟುಗಳನ್ನು ಸಂಗ್ರಹಿಸಿ ಸಂಪುಟ ಮಾಡಿದವು. ಅವನ್ನು ಹೇಳುತ್ತಿದ್ದ ಮಕ್ಕಳು ಮಾತ್ರ ಶಾಲೆಯಲ್ಲಿ ಬಾಯಿ ಮುಚ್ಚಿ ಕೂತರು. ಒಗಟು ಹಳ್ಳಿಯ ಪರೀಕ್ಷಾ ಪದ್ಧತಿ. ಒಡೆಯಲಾರದವನು ಸೋತೆನೆಂದು ಒಪ್ಪಿ ಉತ್ತರ ಕೇಳಿ ತಿಳಿದು, ಮರುದಿನ ಅದನ್ನೇ ಇನ್ನೊಬ್ಬನಿಗೆ ಒಡ್ಡುತ್ತಾನೆ. ಸೋಲು ಅಲ್ಲಿ ಕಲಿಕೆಯ ಒಂದು ಮೆಟ್ಟಿಲು. ಅಳಗುಳಿಮಣೆಯ ಗುಳಿಗಳಲ್ಲಿ ಹುಣಸೆಬೀಜ ಹಂಚುವ ಹುಡುಗಿ ಭಾಗಾಕಾರವನ್ನು ಕೈಯಲ್ಲೇ ಬಲ್ಲಳು. ಕೋಟೆಯ ಶಿಕ್ಷಕರಲ್ಲಿ ಹೆಚ್ಚಿನವರು ಹಳ್ಳಿಯಿಂದಲೇ ಬಂದವರಾದ್ದರಿಂದ ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಗತ್ಯವಾಗಿದ್ದದ್ದು ಬಳಸಲು ಅನುಮತಿ. ನಲಿ ಕಲಿ ಕೊಟ್ಟದ್ದು ಅದನ್ನು.

ಪ್ರಯೋಗ ಡಿಪಿಇಪಿ ಮೂಲಕ ಬೇರೆ ಜಿಲ್ಲೆಗಳಿಗೆ ಹರಡಿತು. ಅದರ ಜೊತೆಗೇ ಅಳತೆಗಳೂ ಹೆಚ್ಚಿದವು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರದೊಡನೆ 2002ರಿಂದ ಈಶಾನ್ಯ ಕರ್ನಾಟಕದಲ್ಲಿ ‘ಕಲಿಕಾ ಖಾತ್ರಿ’ ಯೋಜನೆ ನಡೆಸಿ, ತಾವಾಗಿ ಮುಂದೆ ಬಂದ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ, ಗುರಿ ಮುಟ್ಟಿದವಕ್ಕೆ ಬಹುಮಾನವಿತ್ತಿತು. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ 2005ರಲ್ಲಿ ಆರಂಭವಾಯಿತು. ರಾಜ್ಯದ ಶಾಲಾ ಗುಣಮಟ್ಟ ಮೌಲ್ಯಾಂಕನವೂ ಅದೇ ಹೊತ್ತಿನದು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ನಲಿ ಕಲಿ ವಿಸ್ತರಿಸಿತು. ಮರುವರ್ಷ ಮೂರನೆಯ ತರಗತಿಗೂ ಬಂದಿತು.

ಇಲ್ಲಿಂದ ಮುಂದಿನ ಕಥೆ ಸಂತೋಷದ್ದು ಮಾತ್ರವಲ್ಲ. ಒಂದು ತಾಲ್ಲೂಕಿನಲ್ಲಿ ಶಿಕ್ಷಕರು ತಮ್ಮ ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ಕಾರ್ಡು, ಇಡೀ ರಾಜ್ಯಕ್ಕೆ ಅಚ್ಚಾದ ಕಾರ್ಡಾಯಿತು. ಕೋಟೆಯ ಶಿಕ್ಷಕ ಅದರ ಕರ್ತೃವಾಗಿದ್ದ. ಬೀದರಿನ ಅಥವಾ ಸಾಲಿಗ್ರಾಮದ ಶಿಕ್ಷಕಿಗೆ ಅದು ಮೇಲಿನಿಂದ ಬಂದ ಸಾಮಗ್ರಿ. ದಾಖಲೆ ತುಂಬುವ ಹೊರೆಯ ದೂರು ಎಲ್ಲೆಡೆ ಕೇಳಿಬಂದಿತು. ಡಿಪಿಇಪಿಯ ಕರ್ನಾಟಕದ ಅನುಭವವನ್ನು ಕುರಿತು ಎ.ಆರ್. ವಾಸವಿ ಮತ್ತು ಪದ್ಮಾ ಸಾರಂಗಪಾಣಿ 2003ರಲ್ಲೇ ಎತ್ತಿದ, ಹೊರಗಿನ ನೆರವು ಮತ್ತು ಆಡಳಿತ ವ್ಯವಸ್ಥೆ ಶಿಕ್ಷಣ ನೀತಿಯನ್ನು ಎತ್ತ ಒಯ್ಯುತ್ತವೆಂಬ ಪ್ರಶ್ನೆ ಈ ಹಿನ್ನೆಲೆಯಲ್ಲಿ ಪ್ರಸ್ತುತವಾದುದು. ಆರತಿ ಶ್ರೀಪ್ರಕಾಶ್ ಕರ್ನಾಟಕದ ಗ್ರಾಮೀಣ ಶಾಲೆಗಳಲ್ಲಿ ಕ್ಷೇತ್ರಕಾರ್ಯ ಮಾಡಿ 2012ರಲ್ಲಿ ಪ್ರಕಟಿಸಿದ ಗ್ರಂಥ, ಮಗುಕೇಂದ್ರಿತವೆಂಬ ಹೊದಿಕೆಯ ಒಳಗೂ ನಿಯಂತ್ರಣ ಮುಂದುವರಿಯುವುದನ್ನು, ಹಳ್ಳಿಯ ಬಡ ಮಗುವನ್ನು ಕೊರತೆಯ ಮಗುವೆಂದು ಕಾಣುವ ದೃಷ್ಟಿ ಸುಲಭವಾಗಿ ಅಳಿಯದಿರುವುದನ್ನು ವಿವರಿಸಿತು. ಅಂಕಗಳ ಅಧ್ಯಯನಗಳು ‘ಎಷ್ಟು’ ಎಂದು ಕೇಳಿದರೆ ಇಂಥ ಅಧ್ಯಯನಗಳು ತರಗತಿಯೊಳಗೆ ಕುಳಿತು ‘ಹೇಗೆ’ ಎಂದು ಕೇಳಿದವು. ಎರಡನೆಯ ಬಗೆಯವು ಕನ್ನಡದಲ್ಲಿ ತೀರ ಕಡಿಮೆಯಾಗಿರುವುದು ನಮ್ಮ ವಿದ್ವತ್ತಿನ ಕೊರತೆ.

ಅಸರ್ ಸಮೀಕ್ಷೆಯ ಒಂದು ಗುಣವನ್ನು ಒಪ್ಪಬೇಕು. ಅದು ಶಾಲೆಗೆ ಹೋಗದೆ ಮನೆಬಾಗಿಲಿಗೆ ಹೋಗುತ್ತದೆ. ಪರೀಕ್ಷೆಯ ದಿನ ತಪ್ಪಿಸಿಕೊಂಡ ಮಗುವೂ, ಶಾಲೆ ಬಿಟ್ಟ ಮಗುವೂ ಅದರ ಲೆಕ್ಕಕ್ಕೆ ಸಿಗುತ್ತವೆ. ಹಾಗಿದ್ದೂ ಕಾಫಿ ಕೊಯ್ಲಿಗಾಗಿ ಬೀಗ ಹಾಕಿದ ಮನೆಯೊಳಗಿನಿಂದ ಯಾವ ಸಮೀಕ್ಷೆಗೂ ಉತ್ತರ ದೊರೆಯದು. ಇನ್ನು ಉತ್ತರ ದೊರೆತಾಗಲೂ ಏನು ಅಳೆದಂತಾಯಿತು? ಜೇನುಕುರುಬರ ಮಗು ಮನೆಯಲ್ಲಾಡುವ ನುಡಿ ಪಠ್ಯದ ಕನ್ನಡವಲ್ಲ. ಮರ, ಹಕ್ಕಿ, ಜೇನಿನ ಬಗೆಗಳನ್ನು ಅದು ಹಿರಿಯರ ಬೆನ್ನ ಹಿಂದೆ ನಡೆದು ಕಲಿಯುತ್ತದೆ. ಕೇಳಿ ಒಪ್ಪಿಸುವ ಪದ್ಧತಿ ಅಲ್ಲಿಲ್ಲ. ಮಧ್ಯಭಾರತದ ಬೈಗಾ ಸಮುದಾಯದ ಜ್ಞಾನವನ್ನು ಕುರಿತು ಪದ್ಮಾ ಸಾರಂಗಪಾಣಿ ನಡೆಸಿದ ಅಧ್ಯಯನ, ಇಂಥ ಜ್ಞಾನವನ್ನು ಪಠ್ಯಕ್ಕೆ ಸೇರಿಸುವುದು ಅಂದುಕೊಂಡಷ್ಟು ಸರಳವಲ್ಲವೆಂದು ಎಚ್ಚರಿಸುತ್ತದೆ. ಹಾಡಿಯ ಮಗುವಿಗೆ ಕನ್ನಡದ ಓದು ಬೇಡವೆಂದು ಇದರ ಅರ್ಥವಲ್ಲ. ಅರಣ್ಯ ಹಕ್ಕಿನ ಅರ್ಜಿಯನ್ನು ಓದಿಕೊಳ್ಳಲಾರದೆ ಹೆಬ್ಬೆಟ್ಟು ಒತ್ತಬೇಕಾದ ತಂದೆಯನ್ನು ಕಂಡ ಮಗುವಿಗೆ ಓದಿನ ಬೆಲೆ ಯಾವ ಸಂಶೋಧಕರಿಗಿಂತಲೂ ಚೆನ್ನಾಗಿ ತಿಳಿದಿರುತ್ತದೆ. ಆದರೆ ಅದೇ ಮಗುವನ್ನೂ, ಮನೆಯಲ್ಲಿ ಪತ್ರಿಕೆ ಬರುವ ಸಾಲಿಗ್ರಾಮದ ಮಗುವನ್ನೂ ಒಂದೇ ಪ್ರಶ್ನೆಪತ್ರಿಕೆಯಿಂದ ಅಳೆದು, ಬಂದ ಅಂತರವನ್ನು ಶಾಲೆಯ ಅಥವಾ ಶಿಕ್ಷಕನ ತಲೆಗೆ ಕಟ್ಟುವುದು ಅನ್ಯಾಯ. ಅಳೆಯುವುದೇ ಆದರೆ ಮಗು ಎಲ್ಲಿಂದ ಹೊರಟಿತೆಂಬುದನ್ನೂ ಬರೆದಿಟ್ಟು, ಅಲ್ಲಿಂದ ಎಷ್ಟು ಮೆಟ್ಟಿಲು ಏರಿತೆಂದು ಅಳೆಯಬೇಕು. ನಲಿ ಕಲಿಯ ಏಣಿಯೊಳಗೆ ಇಂಥ ಅಳತೆ ಮೊದಲಿನಿಂದಲೂ ಇತ್ತು. ತರಗತಿವಾರು ಸರಾಸರಿಯನ್ನು ಹುಡುಕುತ್ತ ಬಂದ ಸಮೀಕ್ಷೆಗಳು ಗೋಡೆಯ ಮೇಲಿದ್ದ ಆ ದಾಖಲೆಯನ್ನು ಓದಲಿಲ್ಲ.

ಕೋವಿಡ್ ಕಾರಣದಿಂದ 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಕೆಲವು ತಿಂಗಳು ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಮರದಡಿ, ದೇವಸ್ಥಾನದ ಜಗಲಿಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಸಾಲಿಗ್ರಾಮದ ಮಗುವಾಗಲಿ ಬೆಂಗಳೂರಿನ ಮಗುವಾಗಲಿ, ಕೊಡಗಿನ ತೋಟದಿಂದ ಮರಳಿದ ಹಾಡಿಯ ಮಗುವಿನ ಸ್ಥಿತಿಗೇ ಬಂದು ನಿಂತ ಕಾಲ ಅದು. 2022-23ರಲ್ಲಿ ರಾಜ್ಯ ‘ಕಲಿಕಾ ಚೇತರಿಕೆ’ ಕಾರ್ಯಕ್ರಮವನ್ನು ಕೈಗೊಂಡು, ತರಗತಿ ಯಾವುದೇ ಇರಲಿ, ಮಗು ನಿಂತಿರುವ ಮಟ್ಟದಿಂದಲೇ ಕಲಿಕೆ ಆರಂಭವಾಗಬೇಕೆಂದು ಶಿಕ್ಷಕರಿಗೆ ಸೂಚಿಸಿತು. ಅದಕ್ಕಾಗಿ ಕಲಿಕಾ ಹಾಳೆಗಳು ಅಚ್ಚಾಗಿ ಶಾಲೆಗಳಿಗೆ ಹೋದವು. ಕೋಟೆಯಲ್ಲಿ 1995ರಲ್ಲಿ ಕಾರ್ಡು ಬರೆದ ಶಿಕ್ಷಕರಲ್ಲಿ ಅನೇಕರು ಅಷ್ಟರಲ್ಲಿ ನಿವೃತ್ತರಾಗಿದ್ದಿರಬೇಕು. ಅವರು ಕೈಯಲ್ಲಿ ಬರೆದ ಆ ಮೊದಲ ಕಾರ್ಡುಗಳು, ಅವುಗಳಿಗಾಗಿ ಅವರು ಹಳ್ಳಿಗಳಿಂದ ತಂದ ಹಾಡು ಮತ್ತು ಒಗಟುಗಳು ಒಂದೆಡೆ ಸಂಗ್ರಹವಾಗಿ ಪ್ರಕಟವಾಗಬೇಕಾದ ಕೆಲಸ ಹಾಗೆಯೇ ಉಳಿದಿದೆ. ಹಾಡಿದವರೂ ಬರೆದವರೂ ಇನ್ನೂ ಇರುವಾಗಲೇ ಅದು ನಡೆಯಬೇಕು.